ಗಿಳಿಮರಿಯ ಅನ್ನಪ್ರಾಶನ

ಹಿಂದೆ ಮಂಜರಾಬಾದೆಂದು ಹೆಸರಾಗಿದ್ದ ಸಕಲೇಶಪುರದ ಮಲೆಗಳಲ್ಲಿಯೂ, ಅವುಗಳಿಗೆ ಮೂಡಲಾಗಿ ಗದ್ದೆಬಯಲುಗಳಿಗೆ ಇಳಿಯುವ ಆಲೂರಿನ ಗುಡ್ಡಗಳಲ್ಲಿಯೂ, ಮನೆಯ ಜಗಲಿಗೆ ಗಿಳಿಯ ಪಂಜರವೊಂದು ಶೋಭೆಯೆಂದು ಜನರು ಭಾವಿಸಿದ್ದ ಕಾಲವೊಂದಿತ್ತು. ಆ ಗಿಳಿಗೆ ಮಾತು ಕಲಿಸಿದ ಕಥೆಗಳನ್ನು ಹೇಳುವವರು ಬಹಳ ಮಂದಿ. ಆದರೆ ಮಾತಿಗೆ ಮೊದಲು ಅದಕ್ಕೆ ಉಣ್ಣಲು ಕಲಿಸಬೇಕಾಗಿತ್ತೆಂಬುದನ್ನೂ, ಆ ಕೆಲಸವನ್ನು ಬಹುಮಟ್ಟಿಗೆ ಅಡುಗೆಮನೆಯ ಹೆಂಗಸರೇ ನಿರ್ವಹಿಸುತ್ತಿದ್ದರೆಂಬುದನ್ನೂ ನೆನೆಯುವವರು ವಿರಳ.

ಈ ನಾಡಿಗೆ ಗಿಳಿಯ ಸಖ್ಯ ಹೊಸದಲ್ಲ. ಸಕಲೇಶಪುರದ ನೆರೆಯ ಬೇಲೂರಿನಲ್ಲಿ ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠಾಪಿಸಿದ ಚೆನ್ನಕೇಶವನ ಗುಡಿಯ ಮದನಿಕೆಯರಲ್ಲಿ ಒಬ್ಬಳು ಕೈಯ ಮೇಲೆ ಗಿಳಿಯನ್ನಿರಿಸಿಕೊಂಡ ಶುಕಭಾಷಿಣಿ. ಗಿಳಿಯ ಆಹಾರದ ವಿಷಯದಲ್ಲಿ ಶಿಲ್ಪಿಗಿಂತ ಕವಿಯೇ ಹೆಚ್ಚು ಹೇಳಿರುವನು. ನಾಗವರ್ಮನು ಕನ್ನಡಕ್ಕೆ ತಂದ ಕಾದಂಬರಿಯ ಮೂಲಕಾರನಾದ ಬಾಣನು, ಪಂಪಾಸರೋವರದ ದಡದ ಬೂರುಗದ ಮರದಲ್ಲಿ ಮುದಿಗಿಳಿಯೊಂದು ಹಾರಲಾರದೆ, ಇತರರ ಗೂಡುಗಳಿಂದ ಉದುರಿದ ಬತ್ತದ ಕಾಳುಗಳನ್ನೂ ಬುಡದಲ್ಲಿ ಬಿದ್ದ ಹಣ್ಣಿನ ಚೂರುಗಳನ್ನೂ ಆಯ್ದು ತಂದು ತಾಯಿಯಿಲ್ಲದ ಮರಿಗೆ ತಿನ್ನಿಸಿ, ಮಿಕ್ಕುದನ್ನು ಮಾತ್ರ ತಾನು ತಿಂದುದನ್ನು ವರ್ಣಿಸುತ್ತಾನೆ. ಅದೇ ಮರಿ ಬೆಳೆದು ಶೂದ್ರಕ ರಾಜನ ಅಂತಃಪುರವನ್ನು ಸೇರಿದಾಗ ಅದಕ್ಕೆ ದೊರೆತದ್ದು ನೇರಳೆಯ ರಸ, ದಾಳಿಂಬೆಯ ಬೀಜ, ನೆಲ್ಲಿಯ ಹಣ್ಣು. ಕಾಡಾಗಲಿ ಅರಮನೆಯಾಗಲಿ, ಬಾಣನ ಗಿಳಿಯ ಊಟದಲ್ಲಿ ತಾಜಾ ಹಣ್ಣಿಗೆ ಸ್ಥಾನ ತಪ್ಪಲಿಲ್ಲವೆಂಬುದನ್ನು ನಾನು ಕೇವಲ ಕವಿಸಮಯವೆಂದು ಎಣಿಸಲಾರೆ. ಅದು ಹಕ್ಕಿಯನ್ನು ಕಂಡು ಬಲ್ಲವನ ಮಾತು.

ಮರದ ಪೊಟರೆಯಲ್ಲಿ ತಾಯಿತಂದೆಗಳು ತಮ್ಮ ಕೊರಳ ಚೀಲದಲ್ಲಿ ಮೆತ್ತಗಾದ ಆಹಾರವನ್ನು ಕಕ್ಕಿ ಮರಿಯ ಕೊಕ್ಕಿಗೆ ಊಡುತ್ತವೆ. ಗರಿ ಮೂಡದ ಮರಿಯನ್ನು ಮನೆಗೆ ತಂದವರು ಉಗುರುಬೆಚ್ಚಗಿನ ರಾಗಿಗಂಜಿಯನ್ನೋ, ಬಾಳೆಹಣ್ಣಿನೊಡನೆ ಕಿವುಚಿದ ಅನ್ನವನ್ನೋ ಊಡಿ ಇದನ್ನೇ ಅನುಕರಿಸಿದರು. ಕಠಿನವಾದ ಘಟ್ಟವು ಅನಂತರದ್ದು. ಆರೇಳು ವಾರಗಳಲ್ಲಿ ಗರಿ ತುಂಬುತ್ತ ಬಂದಂತೆ ಮರಿಯು ಎದುರಿಗಿಟ್ಟುದನ್ನು ಕುಕ್ಕಿ, ಕಚ್ಚಿ, ನುಂಗದೆ ಚೆಲ್ಲತೊಡಗುತ್ತದೆ. ಅದು ಚೇಷ್ಟೆಯಲ್ಲ, ಕಲಿಕೆ. ಕೂಸಿಗೆ ಅನ್ನಪ್ರಾಶನವಾದ ದಿನವೇ ಮೊಲೆಹಾಲು ಬಿಡಿಸದಂತೆ, ಬಲ್ಲವರು ಕೈತುತ್ತನ್ನು ಒಮ್ಮೆಗೇ ನಿಲ್ಲಿಸದೆ, ಮೊದಲು ಹಗಲಿನದನ್ನು ಇಳಿಸಿ, ಇರುಳಿಗೆ ಮುಂಚಿನದನ್ನು ಕಟ್ಟಕಡೆಗೆ ಬಿಡಿಸುತ್ತಾರೆ. ಹಸಿವಿನಿಂದ ಬಲಾತ್ಕರಿಸಿದ ಮರಿ ಸೊರಗಿ, ತಿನ್ನಲು ಕಲಿಯುವುದಕ್ಕೆ ಬದಲಾಗಿ ಬೇಡಿ ಅರಚುವುದನ್ನೇ ರೂಢಿಸಿಕೊಳ್ಳುತ್ತದೆ. ಈ ಕೆಲವೇ ವಾರಗಳಲ್ಲಿ ಯಾವುದನ್ನು ರುಚಿ ನೋಡಿತೋ ಅದನ್ನೇ ಅದು ಆಹಾರವೆಂದು ತಿಳಿಯುವುದು. ಬತ್ತವೊಂದನ್ನೇ ಕಂಡು ಬೆಳೆದ ಗಿಳಿಯು ಮುಂದೆ ಸೀಬೆಹಣ್ಣನ್ನು ಕಂಡರೂ ಬೆದರಿ ಹಿಂದೆ ಸರಿಯುವುದುಂಟು.

ಮಲೆನಾಡಿನ ಹಿತ್ತಲು ಈ ಪಾಠಕ್ಕೆ ಒದಗಿಸಬಲ್ಲ ಸಾಮಗ್ರಿಯೋ ಅಪಾರ. ಬೇಲಿಯ ತೊಂಡೆಹಣ್ಣು, ಸೀಬೆ, ಹಲಸಿನ ತೊಳೆ, ನುಗ್ಗೆಸೊಪ್ಪು, ಎಳೆಯ ಅವರೆಕಾಯಿ, ಮೊಳಕೆ ಬಂದ ಹೆಸರು, ಹಾಲುದುಂಬಿದ ಬತ್ತದ ತೆನೆ. ಇವುಗಳೊಡನೆ ಸೂಜಿಮೆಣಸು: ನಮ್ಮ ನಾಲಗೆಯನ್ನು ಸುಡುವ ಅದರ ಖಾರವು ಹಕ್ಕಿಗೆ ತಟ್ಟುವುದೇ ಇಲ್ಲ. ಮೆಣಸಿನಕಾಯಿಯೂ ಸೀಬೆಯೂ ಅಮೆರಿಕಾ ಖಂಡದಿಂದ ಪೋರ್ಚುಗೀಸರ ಹಡಗುಗಳಲ್ಲಿ ಬಂದುವಾದುದರಿಂದ, ಬೇಲೂರಿನ ಶುಕಭಾಷಿಣಿಯ ಗಿಳಿಗೆ ಇವೆರಡೂ ಅಪರಿಚಿತವಾಗಿದ್ದಿರಬೇಕು.

ಈ ಸಂಪತ್ತಿನ ನಡುವೆಯೂ ಗಿಳಿಯ ಭಾಗ್ಯ ಹಲವೆಡೆ ಕಾಳಿಗೇ ಸೀಮಿತವಾಯಿತು. ಗಿಣಿಶಾಸ್ತ್ರದವನು ಚೀಟಿ ಎತ್ತಿದ ಹಕ್ಕಿಗೆ ಕೊಟ್ಟ ಸಂಬಳ ಬತ್ತದ ಒಂದೆರಡು ಕಾಳು. 1970ರ ದಶಕದಲ್ಲಿ ಸೂರ್ಯಕಾಂತಿಯ ಬೇಸಾಯವು ಕರ್ನಾಟಕದಲ್ಲಿ ಹಬ್ಬಿದ ಮೇಲೆ ಅದರ ಬೀಜವೂ ಪಂಜರದ ಬಟ್ಟಲನ್ನು ಸೇರಿತು. ಅದರಲ್ಲಿ ಕೊಬ್ಬು ಬಹಳ. ಎ ಜೀವಸತ್ತ್ವವೂ ಸುಣ್ಣದ ಅಂಶವೂ ಅತ್ಯಲ್ಪ. ಎ ಜೀವಸತ್ತ್ವದ ಕೊರತೆಯಿಂದ ಬಾಯಿ ಹುಣ್ಣಾಗಿ, ಉಸಿರಾಟದ ರೋಗಕ್ಕೆ ತುತ್ತಾದ ಗಿಳಿಗೆ ಬೇಕಾಗಿದ್ದುದು ಹಿತ್ತಲಿನ ನುಗ್ಗೆಸೊಪ್ಪೇ ಎಂಬುದು ಮನಸ್ಸನ್ನು ನೋಯಿಸುವ ಸಂಗತಿ. ಪ್ರೀತಿಯಿಂದ ಕೊಟ್ಟುದೆಲ್ಲ ಹಿತವೂ ಅಲ್ಲ: ಹಾಲನ್ನದ ಹಾಲು ಹಕ್ಕಿಗೆ ಜೀರ್ಣವಾಗದು, ಕಾಫಿಯ ತೋಟಗಳಲ್ಲಿ ಈಗ ಹೇರಳವಾಗಿ ಬೆಳೆಯುವ ಬೆಣ್ಣೆಹಣ್ಣು ಗಿಳಿಗೆ ವಿಷ.

ತೋಟಗಳ ಮಾತು ಬಂದುದರಿಂದ ಒಂದು ವಿಷಯವನ್ನು ಹೇಳದೆ ಮುಂದುವರಿಯಲಾರೆ. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಮಂಜರಾಬಾದಿಗೆ ಬಂದು ಕಾಫಿ ಬೆಳೆದ ರಾಬರ್ಟ್ ಎಲಿಯಟ್, ಕಾಂಡಕೊರಕದ ಹಾವಳಿಯಿಂದ ಗಿಡಗಳನ್ನು ಕಾಯಲು ನೆರಳೇ ಉಪಾಯವೆಂದು ವಾದಿಸಿ, 1894ರ ತನ್ನ ಗ್ರಂಥದಲ್ಲಿ ಬಸರಿ, ಗೋಣಿ ಮುಂತಾದ ಅತ್ತಿಯ ಕುಲದ ಮರಗಳನ್ನು ವಿಶೇಷವಾಗಿ ಶ್ಲಾಘಿಸಿದ್ದಾನೆ. ಅವನ ಚಿಂತೆ ಕಾಫಿಯದು, ಗಿಳಿಯದಲ್ಲ. ಆದರೂ ಅಂತಹ ಮರಗಳು ಉಳಿದ ತೋಟಗಳಲ್ಲಿ ಪಶ್ಚಿಮಘಟ್ಟಗಳಿಗೇ ವಿಶಿಷ್ಟವಾದ ನೀಲಿರೆಕ್ಕೆಯ ಗಿಳಿಗೂ, ತಲೆಕೆಳಗಾಗಿ ತೂಗಿ ನಿದ್ರಿಸುವ ಕಿರುಗಿಳಿಗೂ ಹಣ್ಣಿನ ಉಗ್ರಾಣ ಉಳಿಯಿತು. ಈಗ ಅವುಗಳ ಸ್ಥಾನದಲ್ಲಿ ಸಾಲುಸಾಲಾಗಿ ನಿಲ್ಲುತ್ತಿರುವ ಸಿಲ್ವರ್ ಓಕ್, ಮೆಣಸಿನ ಬಳ್ಳಿಗೆ ಆಸರೆಯೇನೋ ಹೌದು, ಗಿಳಿಗೆ ಅತ್ತಿಯ ಹಣ್ಣನ್ನು ಕೊಡಲಾರದು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ, 1990–91ರ ವೇಳೆಗೆ ದೇಶೀಯ ಹಕ್ಕಿಗಳ ವ್ಯಾಪಾರಕ್ಕೆ ಬಿದ್ದ ನಿಷೇಧವೂ ಮನೆಯಲ್ಲಿ ಗಿಳಿ ಸಾಕುವ ಹಳೆಯ ವಾಡಿಕೆಯನ್ನು ಅಪರಾಧವಾಗಿಸಿದವು. ಅದು ಉಚಿತವೇ ಆಯಿತು. ಗಿಳಿಯು ತಾನಾಗಿ ಮರವನ್ನು ಕೊರೆಯದೆ ಹೆಚ್ಚಾಗಿ ಮರಕುಟಿಗ, ಕುಟ್ರಹಕ್ಕಿಗಳು ಬಿಟ್ಟ ಪೊಟರೆಯನ್ನೇ ಆಶ್ರಯಿಸುವುದರಿಂದ, ಮರಿಗಾಗಿ ಪೊಟರೆಯನ್ನು ಸೀಳಿದವನು ಮುಂದಿನ ವರ್ಷಗಳ ಸಂಸಾರಗಳನ್ನೂ ಕೆಡಿಸಿದಂತೆಯೇ. ಆದರೆ ಬೇಸಗೆಯಲ್ಲಿ ಒಣಮರ ಉರುಳಿದಾಗ ಮರಿಗಳು ಇಂದಿಗೂ ನೆಲಕ್ಕೆ ಬೀಳುತ್ತವೆ. ಅವನ್ನು ಅರಣ್ಯ ಇಲಾಖೆಗೆ ಒಪ್ಪಿಸಿದ ಮೇಲೆ, ಸಾಕುವವರ ಗುರಿ ಮಾತು ಕಲಿಸುವುದಲ್ಲ, ಮರಳಿ ಹಾರಿಸುವುದು. ಅಂಥ ಮರಿಗೆ ಹಣ್ಣನ್ನು ಹೆಚ್ಚಿ ಬಟ್ಟಲಿನಲ್ಲಿಡುವುದಕ್ಕಿಂತ, ಕಾಯಿಹಣ್ಣುಗಳಿರುವ ಅತ್ತಿಯ ರೆಂಬೆಯನ್ನೇ ಕಡಿದು ತಂದು ಪಂಜರದೊಳಗೆ ಕಟ್ಟುವುದು ಲೇಸು. ಏಕೆಂದರೆ ನಾಳೆ ಕಾಡಿನಲ್ಲಿ ಅದಕ್ಕೆ ಬಟ್ಟಲು ಸಿಗದು, ರೆಂಬೆಯನ್ನು ಹಿಡಿದು ಜೋತು ಹಣ್ಣನ್ನು ಕಿತ್ತುಕೊಳ್ಳುವುದನ್ನು ಅದು ಇಲ್ಲಿಯೇ ಕಲಿತು ಹೋಗಬೇಕು.