ಕೆಪ್ಪ ಜೋಗ

ಅಮ್ಮನ ತವರುಮನೆಯನ್ನು ನೋಡಿದ ನೆನಪು ನನಗಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಏರಿದಾಗ ಅದು ತೋಟದ ಸಮೇತ ಮುಳುಗಿತು. ಆಗ ನಾನು ಕೈಕೂಸು. ಮೂವತ್ತು ವರ್ಷದ ನಂತರ, 1994ರ ಆಗಸ್ಟಿನಲ್ಲಿ, ಸಿದ್ದಾಪುರದ ಭಾವ "ಉಂಚಳ್ಳಿ ಜಲಪಾತಕ್ಕೆ ಹೋಗೋಣ. ಅಘನಾಶಿನಿಗೆ ಇನ್ನೂ ಯಾರೂ ದೊಡ್ಡ ಅಣೆಕಟ್ಟು ಕಟ್ಟಿಲ್ಲ" ಎಂದಾಗ ಅಮ್ಮನೇ ಮೊದಲು ಹೊರಟು ನಿಂತಳು.

ಹೆಗ್ಗರಣೆ ದಾಟಿದ ಮೇಲೆ ರಸ್ತೆ ಎಂಬುದು ಹೆಸರಿಗಷ್ಟೇ. ಕಾಡಿನ ನಡುವೆ ಎರಡು ಕೆಂಪು ಚರಂಡಿಗಳು, ಅವುಗಳಲ್ಲಿ ಹರಿಯುವ ಮಳೆನೀರು. ಜೀಪು ಮೂರು ಕಡೆ ಹೂತಿತು. ಭಾವ ಫೋರ್‌ವೀಲ್ ಹಾಕುವುದು, ನಾನು ಇಳಿದು ಚಕ್ರದಡಿಗೆ ಕಲ್ಲು, ಸೊಪ್ಪು ತುಂಬಿ ನೂಕುವುದು. ಹತ್ತಿ ಕುಳಿತರೆ ಕಾಲ ತುಂಬ ಉಂಬಳ. ಒಂದು ತಿರುವಿನಲ್ಲಿ ಎಂಜಿನ್ ಆಫಾಯಿತು. ಆದರೆ ಸದ್ದು ನಿಲ್ಲಲಿಲ್ಲ.

"ಅದು ಜೀಪಿನದಲ್ಲ ಅತ್ತೆ, ಹೊಳೆಯದು" ಎಂದ ಭಾವ.

ಶಿರಸಿಯ ಸೀಮೆಯಲ್ಲಿ ಹುಟ್ಟಿ ಕುಮಟೆಯ ಬಳಿ ಕಡಲು ಸೇರುವ ಅಘನಾಶಿನಿ ಇಲ್ಲಿ 116 ಮೀಟರ್ ಕೆಳಕ್ಕೆ ಧುಮುಕುತ್ತದೆ. 1845ರಲ್ಲಿ ಇದನ್ನು ಲಷಿಂಗ್ಟನ್ ಎಂಬ ಬ್ರಿಟಿಷ್ ಅಧಿಕಾರಿ ಕಂಡುಹಿಡಿದನೆಂದು ಹೇಳುತ್ತಾರೆ. ಕೆನರಾ ಆಗ ಮದರಾಸು ಪ್ರಾಂತ್ಯದಲ್ಲಿತ್ತು. ಪುಸ್ತಕಗಳಲ್ಲಿ ಸಾಹೇಬನ ಹೆಸರು ಉಳಿಯಿತು. ಅವನಿಗಿಂತ ಮೊದಲೇ ಈ ಸದ್ದು ಕೇಳಿಕೊಂಡೇ ಬದುಕಿದ್ದ ಊರವರು ಕರೆದದ್ದು ಕೆಪ್ಪ ಜೋಗವೆಂದು. ಹತ್ತಿರ ನಿಂತವರ ಕಿವಿ ಕೆಪ್ಪಾಗುವ ಅಬ್ಬರ ಅದಕ್ಕೆ.

253 ಮೀಟರಿನ ಆ ಇನ್ನೊಂದು ಜೋಗದ ದಾರಿ ಬೇರೆಯಾಯಿತು. ಅಲ್ಲಿನ ಮೊದಲ ವಿದ್ಯುದಾಗಾರ 1948ರಲ್ಲಿ ಶುರುವಾಯಿತು. ಮುಂದೆ ಅದಕ್ಕೆ ಗಾಂಧೀಜಿಯ ಹೆಸರಿಟ್ಟರು. ಲಿಂಗನಮಕ್ಕಿಯ ನೀರಿನಿಂದ ನಡೆಯುವ ಶರಾವತಿ ಕೇಂದ್ರದ ಸಾಮರ್ಥ್ಯ 1035 ಮೆಗಾವ್ಯಾಟ್. ನಾಡಿನ ಮನೆ, ಕಾರ್ಖಾನೆಗಳಿಗೆ ಬೆಳಕು ಹರಿಯಿತು. ಅದು ಸಣ್ಣ ಮಾತಲ್ಲ. ಆದರೆ ನೀರು ಕೊಳವೆಗಿಳಿದ ಮೇಲೆ ಜೋಗಕ್ಕೆ ಮಳೆಗಾಲದ ಕೆಲವು ದಿನಗಳನ್ನು ಬಿಟ್ಟರೆ ದನಿಯಿಲ್ಲ.

ಬಂಡೆಯ ಅಂಚಿನಲ್ಲಿ ಕೊಡೆ ಹಿಡಿದು ನಿಂತ ಅಮ್ಮ ಏನೋ ಹೇಳಿದಳು. ತುಟಿ ಅಲುಗಿದ್ದು ಕಂಡಿತೇ ಹೊರತು ಒಂದಕ್ಷರವೂ ಕೇಳಲಿಲ್ಲ.

ರಾತ್ರಿ ಭಾವನ ಮನೆಯಲ್ಲಿ ಕರೆಂಟಿರಲಿಲ್ಲ. ಸೀಮೆಎಣ್ಣೆ ಬುಡ್ಡಿಯ ಮುಂದೆ ಊಟಕ್ಕೆ ಕುಳಿತಾಗ ಕೇಳಿದೆ: "ಅಲ್ಲಿ ಏನು ಹೇಳಿದೆ ಅಮ್ಮಾ?"

"ಸಣ್ಣವಳಿದ್ದಾಗ ಅಪ್ಪಯ್ಯ ಹೆಗಲ ಮೇಲೆ ಕೂರಿಸಿಕೊಂಡು ಜೋಗ ತೋರಿಸಿದ್ದ. ಅವತ್ತು ಅವನು ಹೇಳಿದ್ದೂ ನನಗೆ ಹೀಗೇ ಕೇಳಿಸಿರಲಿಲ್ಲ" ಎಂದಳು. ಬುಡ್ಡಿಯ ಬತ್ತಿ ಸ್ವಲ್ಪ ಏರಿಸಿ, ನನ್ನೆಲೆಗೆ ಮತ್ತಷ್ಟು ಅನ್ನ ಬಡಿಸಿದಳು.