ಕೊರಿಯದ ತಾಲೀಮುಮನೆಗಳು

ಕಾಲೆತ್ತಿ ಒದೆಯುವುದನ್ನು ಮನುಷ್ಯನಿಗೆ ಯಾರೂ ಕಲಿಸಬೇಕಾಗಿಲ್ಲ. ತೊಟ್ಟಿಲ ಕೂಸಿಗೂ ಅದು ಬರುತ್ತದೆ. ಆದರೆ ಎಲ್ಲಿ ಒದೆಯಬೇಕು, ಯಾವಾಗ ಒದೆಯಬೇಕು, ಎತ್ತಿದ ಕಾಲನ್ನು ಎದುರಾಳಿಯ ಮೈಗೆ ತಗಲುವ ಮುನ್ನವೇ ಹೇಗೆ ತಡೆದು ಹಿಂದಕ್ಕೆ ತೆಗೆದುಕೊಳ್ಳಬೇಕು ಎಂಬುದನ್ನು ಕಲಿಯುವುದಕ್ಕೆ ಗುರು ಬೇಕು, ವರ್ಷಗಳು ಬೇಕು. ಈ ವಿದ್ಯೆಯನ್ನು ಜಗತ್ತಿಗೆಲ್ಲ ಕಲಿಸಹೊರಟ ದೇಶ ಕೊರಿಯ. ನಿಮ್ಮ ಊರಿನಲ್ಲಿಯೂ ಶಾಲೆಯ ಅಂಗಳದಲ್ಲೋ ಯಾವುದೋ ಕಟ್ಟಡದ ಮಹಡಿಯಲ್ಲೋ ಬಿಳಿಯ ಉಡುಪು ತೊಟ್ಟು, ಸೊಂಟಕ್ಕೆ ಹಳದಿಯದೋ ಹಸುರಿನದೋ ಪಟ್ಟಿ ಬಿಗಿದು, ಸಾಲಾಗಿ ನಿಂತು ‘ಹನಾ, ದುಲ್, ಸೆತ್’ ಎಂಬ ಎಣಿಕೆಗೆ ಸರಿಯಾಗಿ ಗಾಳಿಯನ್ನು ಗುದ್ದುವ ಮಕ್ಕಳನ್ನು ನೀವು ಕಂಡಿರಬಹುದು. ಆ ಎಣಿಕೆ ಕೊರಿಯನ್ ಭಾಷೆಯ ಒಂದು, ಎರಡು, ಮೂರು. ಆ ವಿದ್ಯೆಯ ಹೆಸರು ಟೇಕ್ವಾಂಡೊ. ‘ಟೇ’ ಎಂದರೆ ಕಾಲಿನ ಪೆಟ್ಟು, ‘ಕ್ವೊನ್’ ಎಂದರೆ ಮುಷ್ಟಿ, ‘ಡೊ’ ಎಂದರೆ ಮಾರ್ಗ.

ಇದು ಎಷ್ಟು ಹಳೆಯದು ಎಂದು ಕಲಿಸುವವರನ್ನು ಕೇಳಿನೋಡಿ. ಎರಡು ಸಾವಿರ ವರ್ಷಗಳದ್ದು, ಸಿಲ್ಲಾ ರಾಜ್ಯದ ಹ್ವಾರಾಂಗ್ ಎಂಬ ತರುಣರ ಪಡೆಯಿಂದ ಇಳಿದುಬಂದದ್ದು ಎಂದು ಉತ್ತರ ಬರುವುದುಂಟು. ಸಾಕ್ಷಿಗೆಂದು ಕ್ಯೊಂಗ್‌ಜು ನಗರದ ಬಳಿಯ ಸೊಕ್ಕುರಾಮ್ ಗುಹಾಲಯದ ಬಾಗಿಲಲ್ಲಿ ಮುಷ್ಟಿ ಎತ್ತಿ ನಿಂತಿರುವ ಎರಡು ಶಿಲಾಮೂರ್ತಿಗಳ ಚಿತ್ರವನ್ನು ತೋರಿಸುತ್ತಾರೆ. ಎಂಟನೆಯ ಶತಮಾನದ ಆ ಮೂರ್ತಿಗಳು ಬುದ್ಧನ ಕಾವಲಿಗೆ ನಿಂತ ವಜ್ರಧಾರಿಗಳು. ಅವರ ತವರು ನಮ್ಮ ದೇಶ. ಇಲ್ಲಿಯ ವಜ್ರಪಾಣಿಯೇ ಚೀಣವನ್ನು ಹಾದು ಅಲ್ಲಿಗೆ ಹೋಗಿ ಹಾಗೆ ನಿಂತಿದ್ದಾನೆ. ದ್ವಾರಪಾಲಕರ ನಿಲುವು ಶಿಲ್ಪಿಯ ಸಂಪ್ರದಾಯವನ್ನು ಹೇಳುತ್ತದೆಯೇ ಹೊರತು ಗರಡಿಯ ಸಂಪ್ರದಾಯವನ್ನಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಪ್ರಾಚೀನತೆಯ ಈ ಹಂಬಲವನ್ನು ಬದಿಗಿಟ್ಟಾಗ ಕಾಣುವ ನಿಜವಾದ ಕಥೆಯೇ ಹೆಚ್ಚು ಸ್ವಾರಸ್ಯವಾದದ್ದು. ಒದೆತ ಹಳೆಯದು, ಒದೆತವನ್ನು ಕಲಿಸುವ ಶಾಲೆ ಹೊಸದು.

ಹಳೆಯ ಕೊರಿಯದಲ್ಲಿ ಯುದ್ಧವಿದ್ಯೆಯ ಬೋಧನೆ ಇರಲಿಲ್ಲವೆಂದಲ್ಲ. 1592ರಲ್ಲಿ ಜಪಾನಿನ ಹಿದೆಯೊಶಿಯ ಸೈನ್ಯ ದಂಡೆತ್ತಿ ಬಂದಾಗ, ಬಿಲ್ಲುಗಾರಿಕೆಯಲ್ಲಿ ನುರಿತ ಕೊರಿಯದ ಸೈನಿಕರು ಕೈಕೈ ಹತ್ತಿರದ ಕಾಳಗದಲ್ಲಿ ಸೋತುಹೋದರು. ಆಗ ಚೀಣದ ದಂಡನಾಯಕನೊಬ್ಬನ ಗ್ರಂಥವನ್ನು ಆಧಾರವಾಗಿಟ್ಟುಕೊಂಡು 1598ರಲ್ಲಿ ಆರು ಆಯುಧಗಳ ಅಭ್ಯಾಸವನ್ನು ಹೇಳುವ ಕೈಪಿಡಿಯೊಂದನ್ನು ತಯಾರಿಸಿದರು. 1759ರಲ್ಲಿ ಯುವರಾಜ ಸಾದೊ ಅದನ್ನು ಹದಿನೆಂಟು ವಿದ್ಯೆಗಳಿಗೆ ಬೆಳೆಸಿದ. ಮೂರೇ ವರ್ಷಗಳಲ್ಲಿ ಅವನ ತಂದೆಯಾದ ದೊರೆಯೇ ಅವನನ್ನು ಅಕ್ಕಿಯ ಪೆಟ್ಟಿಗೆಯೊಳಗೆ ಮುಚ್ಚಿಸಿ ಕೊಲ್ಲಿಸಿದ. ಅದೊಂದು ಬೇರೆಯೇ ದುರಂತ. ಆ ನತದೃಷ್ಟನ ಮಗ ಚೊಂಗ್‌ಜೊ ಪಟ್ಟಕ್ಕೆ ಬಂದ ಮೇಲೆ ತಂದೆಯ ಕೆಲಸವನ್ನು ಮುಂದುವರಿಸಿ, ಕುದುರೆಯ ಮೇಲಿನ ಆರು ವಿದ್ಯೆಗಳನ್ನು ಕೂಡಿಸಿ, 1790ರಲ್ಲಿ ‘ಮುಯೆ ದೊಬೊ ತೊಂಗ್‌ಜಿ’ ಎಂಬ ಸಚಿತ್ರ ಗ್ರಂಥವನ್ನು ಹೊರತಂದ. ಬರೆದವರು ಮೂವರು: ಇ ದೊಕ್ ಮು ಮತ್ತು ಪಾಕ್ ಚೆ ಗ ಎಂಬ ಇಬ್ಬರು ಪಂಡಿತರು, ಪೆಕ್ ದೊಂಗ್ ಸು ಎಂಬ ಒಬ್ಬ ಯೋಧ. ಪುಸ್ತಕ ಚೀಣೀ ಲಿಪಿಯಲ್ಲಿದ್ದರೆ ಸಿಪಾಯಿಗಳಿಗೆ ಏನು ಪ್ರಯೋಜನ? ಆದ್ದರಿಂದ ಜನರ ಲಿಪಿಯಲ್ಲಿ ಅದರ ಸಾರವನ್ನು ಬೇರೊಂದು ಸಂಪುಟವಾಗಿಯೂ ಅಚ್ಚು ಮಾಡಿಸಿದರು. ಕಲಿಸಬೇಕೆಂಬ ಕಾಳಜಿ ಎಂದರೆ ಅದು. ಆದರೆ ಒಂದು ಮಾತನ್ನು ಗಮನಿಸಿ: ಅದರಲ್ಲಿರುವ ಇಪ್ಪತ್ತನಾಲ್ಕು ವಿದ್ಯೆಗಳಲ್ಲಿ ಬರಿಗೈಯ ವಿದ್ಯೆ ಒಂದೇ ಒಂದು. ಉಳಿದದ್ದೆಲ್ಲ ಭರ್ಜಿ, ಖಡ್ಗ, ದೊಣ್ಣೆ, ಕುದುರೆ.

ಒದೆತವಿದ್ದದ್ದು ಅರಮನೆಯಲ್ಲಲ್ಲ, ಬೀದಿಯಲ್ಲಿ. ಅದರ ಹೆಸರು ತೆಕ್ಕ್ಯನ್. 1846ರ ಕಾಲದ ಚಿತ್ರವೊಂದರಲ್ಲಿ ಕೋಟೆಯ ಬಾಗಿಲ ಹೊರಗೆ ಜನ ಗುಂಪುಗೂಡಿ ಕುಳಿತಿದ್ದಾರೆ. ನಡುವೆ ಒಂದು ಜೋಡಿ ಕುಸ್ತಿಗೆ ಇಳಿದಿದೆ, ಇನ್ನೊಂದು ಜೋಡಿ ತೆಕ್ಕ್ಯನ್ ಆಟಕ್ಕೆ ನಿಂತಿದೆ. ಈ ಕೇರಿಯವರಿಗೂ ಆ ಕೇರಿಯವರಿಗೂ ಪಂದ್ಯ. ಮೊದಲು ಚಿಕ್ಕ ಮಕ್ಕಳು ಆಡಬೇಕು, ಆಮೇಲೆ ದೊಡ್ಡವರು. ಎದುರಾಳಿಯನ್ನು ನೆಲಕ್ಕೆ ಬೀಳಿಸಿದರೆ ಗೆಲುವು, ಮುಖಕ್ಕೆ ಕಾಲು ತಾಗಿಸಿದರೂ ಗೆಲುವು. ಇದರಲ್ಲೊಂದು ಸೊಗಸಾದ ನಿಯಮವುಂಟು: ಆಟಗಾರ ತನ್ನ ಒಂದು ಕಾಲನ್ನು ಎದುರಾಳಿಗೆ ಎಟಕುವಂತೆ ಮುಂದಿಡಲೇಬೇಕು. ಅದಕ್ಕೆ ಅವರು ಇಟ್ಟ ಹೆಸರಿನ ಅರ್ಥ ಅತಿಥಿಸತ್ಕಾರ! ಬಂದವನಿಗೆ ಮಣೆ ಹಾಕಿದಂತೆ ಕಾಲು ಕೊಟ್ಟು, ಅವನು ಅದನ್ನು ಹೊಡೆಯಲು ಬಂದಾಗ ಜಾಣತನ ತೋರಿಸಬೇಕು. ಇದಕ್ಕೆ ಪುಸ್ತಕವಿರಲಿಲ್ಲ, ಪಟ್ಟಿಯಿರಲಿಲ್ಲ, ಪಾಠದ ಕ್ರಮವಿರಲಿಲ್ಲ. ಹಿರಿಯರು ಆಡುವುದನ್ನು ನೋಡಿ ಕಿರಿಯರು ಆಡುತ್ತಿದ್ದರು. ನಮ್ಮ ಹುಡುಗರು ಚಿಣ್ಣಿದಾಂಡು ಕಲಿತಂತೆ ಎನ್ನಿ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇವೆರಡಕ್ಕೂ ಪೆಟ್ಟು ಬಿತ್ತು. ಸೈನ್ಯದ ಹಳೆಯ ಪರೀಕ್ಷೆಗಳು 1894ರಲ್ಲಿ ರದ್ದಾದವು. 1907ರಲ್ಲಿ ಜಪಾನೀಯರ ಒತ್ತಾಯದಿಂದ ಸೈನ್ಯವನ್ನೇ ವಿಸರ್ಜಿಸಿದರು. 1910ರಲ್ಲಿ ದೇಶವೇ ಜಪಾನಿನ ವಶವಾಯಿತು. ಜನ ಗುಂಪುಗೂಡುವ ಕೇರಿಯ ಪಂದ್ಯಗಳು ಹೊಸ ಅಧಿಕಾರಿಗಳಿಗೆ ಹಿಡಿಸಲಿಲ್ಲ. ಶಾಲೆಗಳಿಗೂ ಪೋಲೀಸಿಗೂ ಜಪಾನಿನ ಜೂಡೊ ಮತ್ತು ಕೆಂಡೊ ಬಂದವು.

ಇಲ್ಲಿ ನಾವು ಸ್ವಲ್ಪ ಹೊತ್ತು ಜಪಾನಿನತ್ತ ತಿರುಗಬೇಕು. ಇಂದು ಕೊರಿಯದ ಶಾಲೆಯಲ್ಲಿ ಕಾಣುವ ಬಿಳಿಯ ಉಡುಪು, ಬಣ್ಣದ ಪಟ್ಟಿ, ‘ದಾನ್’ ಎಂಬ ಶ್ರೇಣಿ, ಸಾಲು, ಎಣಿಕೆ ಇವೆಲ್ಲ ಬಂದ ದಾರಿ ಅಲ್ಲಿದೆ. ಜೂಡೊವನ್ನು ರೂಪಿಸಿದ ಕಾನೊ ಜಿಗೊರೊ ಒಬ್ಬ ಶಿಕ್ಷಣತಜ್ಞರು. ದಾನ್ ಶ್ರೇಣಿಯನ್ನು 1883ರಲ್ಲಿ ಮೊದಲು ಕೊಟ್ಟವರು ಅವರೇ. ಒಕಿನಾವ ದ್ವೀಪದಲ್ಲಿ ಗುಟ್ಟಾಗಿ ಒಬ್ಬರಿಂದ ಒಬ್ಬರು ಕಲಿಯುತ್ತಿದ್ದ ಕರಾಟೆಯನ್ನು ಇತೊಸು ಎಂಬ ಹಿರಿಯರು 1901ರಲ್ಲಿ ಪ್ರಾಥಮಿಕ ಶಾಲೆಗೆ ತಂದರು. ಐವತ್ತು ಮಕ್ಕಳಿಗೆ ಒಟ್ಟಿಗೆ ಕಲಿಸಬೇಕಾದರೆ ಏನು ಮಾಡಬೇಕು? ಸಾಲಾಗಿ ನಿಲ್ಲಿಸಬೇಕು, ಎಣಿಸಬೇಕು, ಸುಲಭವಾದ ವರಸೆಗಳನ್ನು ಕಟ್ಟಬೇಕು. ಸಂಗೀತ ಕಲಿಯುವ ಮಕ್ಕಳಿಗೆ ಸರಳೆ ವರಸೆ ಇದ್ದಂತೆ ಇತೊಸು ಅವರು ಐದು ವರಸೆಗಳನ್ನು ಕಟ್ಟಿಕೊಟ್ಟರು. ಅವರ ಶಿಷ್ಯ ಫುನಕೊಶಿ 1922ರಲ್ಲಿ ಆ ವಿದ್ಯೆಯನ್ನು ಟೋಕಿಯೊ ನಗರಕ್ಕೆ ಒಯ್ದರು. ಅಲ್ಲಿಯ ವಿಶ್ವವಿದ್ಯಾನಿಲಯಗಳ ಹುಡುಗರು ಕಲಿತರು. ಆ ಹುಡುಗರಲ್ಲಿ ಓದಲು ಹೋಗಿದ್ದ ಕೊರಿಯದವರೂ ಇದ್ದರು.

ಅವರಲ್ಲೊಬ್ಬರಾದ ಇ ವೊನ್ ಗುಕ್ 1944ರಲ್ಲಿ, ಜಪಾನೀಯರ ಆಳ್ವಿಕೆ ಇನ್ನೂ ಇರುವಾಗಲೇ, ಸೋಲ್ ನಗರದಲ್ಲಿ ‘ಚೊಂಗ್ ಡೊ ಗ್ವಾನ್’ ತೆರೆದರು. ‘ಗ್ವಾನ್’ ಎಂದರೆ ಮನೆ, ಶಾಲೆ. ನಮ್ಮ ಗರಡಿಮನೆಯ ‘ಮನೆ’ ಇದ್ದ ಹಾಗೆ. ಅವರೊಡನೆ ಫುನಕೊಶಿಯವರ ಬಳಿ ಕಲಿತಿದ್ದ ನೊ ಬ್ಯೊಂಗ್ ಜಿಕ್ ಕೆಸೊಂಗ್ ಊರಿನಲ್ಲಿ ‘ಸೊಂಗ್ ಮು ಗ್ವಾನ್’ ಆರಂಭಿಸಿದರು. 1945ರಲ್ಲಿ ಬಿಡುಗಡೆಯಾದ ಮೇಲೆ ಇನ್ನೂ ಮೂರು ಹುಟ್ಟಿಕೊಂಡವು. ಮಂಚೂರಿಯದಲ್ಲಿ ಚೀಣೀ ಮುಷ್ಟಿವಿದ್ಯೆಯನ್ನು ಕಲಿತಿದ್ದ ಯುನ್ ಬ್ಯೊಂಗ್ ಇನ್ ಅವರದು ಒಂದು. ಚೊನ್ ಸಾಂಗ್ ಸೊಪ್ ಅವರದು ಇನ್ನೊಂದು. ಮೂರನೆಯದು ಹ್ವಾಂಗ್ ಗಿ ಅವರ ‘ಮು ದೊಕ್ ಗ್ವಾನ್’. ಹ್ವಾಂಗ್ ಗಿ ರೈಲ್ವೆಯ ನೌಕರರು; ಅವರ ಮೊದಲ ಶಿಷ್ಯರೂ ರೈಲ್ವೆಯವರೇ. ಆದ್ದರಿಂದ ಅವರ ಶಾಖೆಗಳು ನಿಲ್ದಾಣದಿಂದ ನಿಲ್ದಾಣಕ್ಕೆ, ಹಳಿಯ ಗುಂಟ ಹಬ್ಬಿದವು. ಗುರುಪರಂಪರೆ ರೈಲು ಹತ್ತಿ ಹೋದದ್ದು ಬೇರೆಲ್ಲಾದರೂ ಉಂಟೋ ಏನೋ!

ಈ ಮನೆಗಳಲ್ಲಿ ಪಾಠ ಹೇಗೆ ನಡೆಯುತ್ತಿತ್ತು? ಒಳಗೆ ಕಾಲಿಡುವಾಗ ನಮಸ್ಕಾರ. ಸಾಲಿನಲ್ಲಿ ಹಿರಿಯ ಶ್ರೇಣಿಯವರು ಮುಂದೆ, ಹೊಸಬರು ಹಿಂದೆ. ‘ಚರ್ಯೊತ್’ ಎಂದರೆ ನೆಟ್ಟಗೆ ನಿಲ್ಲಬೇಕು. ‘ಕ್ಯೊಂಗ್‌ನೆ’ ಎಂದರೆ ಬಾಗಿ ವಂದಿಸಬೇಕು. ಧ್ವಜಕ್ಕೊಂದು ವಂದನೆ, ಗುರುವಿಗೊಂದು ವಂದನೆ. ಕಲಿಸುವ ಗುರು ‘ಸಬೊಮ್’. ಮನೆಯ ಯಜಮಾನರು ‘ಗ್ವಾನ್‌ಜಾಂಗ್’. ಮೈ ಕಾಯಿಸಿಕೊಂಡ ಮೇಲೆ ಒಂದೇ ಗುದ್ದು, ಒಂದೇ ತಡೆ, ಒಂದೇ ಒದೆತ, ನೂರಾರು ಸಲ. ಹುಲ್ಲಿನ ಹಗ್ಗ ಸುತ್ತಿದ ಕಂಬವನ್ನು ಗುದ್ದಿ ಗುದ್ದಿ ಬೆರಳ ಗಂಟುಗಳು ಕಾಯಿಗಟ್ಟಬೇಕು. ಅದಾದ ಮೇಲೆ ವರಸೆ. ಅದಾದ ಮೇಲೆ ಜೊತೆಗಾರನೊಡನೆ, ಅವನು ಒಂದು ಹೆಜ್ಜೆ ಮುಂದಿಟ್ಟು ಗುದ್ದುವುದು, ಇವನು ತಡೆದು ತಿರುಗಿ ಕೊಡುವುದು. ಸ್ವತಂತ್ರವಾದ ಜೋಡಿ ಎಲ್ಲಕ್ಕಿಂತ ಕೊನೆಗೆ.

ಆದರೆ ಆ ಗುರುಗಳ ಇಕ್ಕಟ್ಟನ್ನು ಸ್ವಲ್ಪ ಊಹಿಸಿಕೊಳ್ಳಿ. ಮೂವತ್ತೈದು ವರ್ಷ ತುಳಿದವರ ಆಳ್ವಿಕೆ ಈಗತಾನೆ ತೊಲಗಿದೆ. ಅವರ ನಾಡಿನಿಂದ ತಂದ ವಿದ್ಯೆಯನ್ನು ಇವರು ಕಲಿಸುತ್ತಿದ್ದಾರೆ. ವಿದ್ಯೆಗೆ ಅವರು ಬಳಸುತ್ತಿದ್ದ ‘ತಾಂಗ್ ಸು ದೊ’, ‘ಕೊಂಗ್ ಸು ದೊ’ ಎಂಬ ಹೆಸರುಗಳು ಕರಾಟೆ ಎಂಬುದನ್ನು ಬರೆಯುವ ಅಕ್ಷರಗಳನ್ನೇ ಕೊರಿಯದ ಉಚ್ಚಾರಣೆಯಲ್ಲಿ ಓದಿದ್ದು, ಅಷ್ಟೆ. ಮೊದಲ ಶಾಲೆ ತೆರೆದ ಇ ವೊನ್ ಗುಕ್ ಜಪಾನಿನ ಪಕ್ಷಪಾತಿ ಎಂಬ ಆಪಾದನೆ ಹೊತ್ತು 1950ರಲ್ಲಿ ದೇಶ ಬಿಟ್ಟರು. ಅದೇ ವರ್ಷ ಯುದ್ಧ ಹತ್ತಿಕೊಂಡಿತು. ಯುನ್ ಬ್ಯೊಂಗ್ ಇನ್, ಚೊನ್ ಸಾಂಗ್ ಸೊಪ್ ಇಬ್ಬರೂ ಆ ಗಲಭೆಯಲ್ಲಿ ಕಣ್ಮರೆಯಾದರು. ಅವರ ಮನೆಗಳನ್ನು ಶಿಷ್ಯರು, ಸಂಗಡಿಗರು ಬೇರೆ ಹೆಸರಿನಲ್ಲಿ ನಡೆಸಬೇಕಾಯಿತು. ಕೆಸೊಂಗ್ ಊರೇ ಉತ್ತರದವರ ಪಾಲಾಯಿತು. ಆ ಯುದ್ಧ ನಿಂತಾಗ, 1953–54ರಲ್ಲಿ, ಅತ್ತ ಇತ್ತ ಸೇರಲೊಲ್ಲದ ಸೆರೆಯಾಳುಗಳ ವಿಷಯವನ್ನು ನೋಡಿಕೊಂಡ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರೇ ಅಧ್ಯಕ್ಷರಾಗಿದ್ದರೆಂಬುದು ನಿಮಗೆ ತಿಳಿದಿರುತ್ತದೆ.

ಯುದ್ಧವಾದ ಮೇಲೆ ಬೋಧನೆಯ ಕೇಂದ್ರ ಸೈನ್ಯದ ಶಿಬಿರಗಳಿಗೆ ಸರಿಯಿತು. ಜಪಾನಿನಲ್ಲಿ ಓದಿದ್ದ ಸೇನಾಧಿಕಾರಿ ಚೊಯ್ ಹೊಂಗ್ ಹಿ 1955ರಲ್ಲಿ ‘ಟೇಕ್ವಾಂಡೊ’ ಎಂಬ ಹೆಸರನ್ನು ಮುಂದಿಟ್ಟರು. ಹಳೆಯ ತೆಕ್ಕ್ಯನ್ನಿನ ದನಿ ಅದರಲ್ಲಿ ಕೇಳಿಬರುತ್ತದೆ, ಜಾಣತನದ ಆಯ್ಕೆ. ಅವರು ಹೊಸ ವರಸೆಗಳನ್ನೂ ಕಟ್ಟಿಸಿ ಅವಕ್ಕೆ ದೇಶದ ವೀರರ, ಪಂಡಿತರ ಹೆಸರುಗಳನ್ನಿಟ್ಟರು. 1909ರಲ್ಲಿ ಜಪಾನಿನ ಇತೊ ಹಿರೊಬುಮಿಯನ್ನು ಕೊಂದು ಗಲ್ಲಿಗೇರಿದ ಆನ್ ಜುಂಗ್ ಗುನ್ ಹೆಸರಿನ ವರಸೆಯಲ್ಲಿ ಮೂವತ್ತೆರಡು ಚಲನೆಗಳು. ಸಾಯುವಾಗ ಅವನ ವಯಸ್ಸು ಅಷ್ಟೆಂಬ ಲೆಕ್ಕ. ಪಂಡಿತ ಯುಲ್‌ಗೊಕ್ ಹೆಸರಿನದರಲ್ಲಿ ಮೂವತ್ತೆಂಟು; ಅವನು ಹುಟ್ಟಿದ ಊರು ಮೂವತ್ತೆಂಟನೆಯ ಅಕ್ಷಾಂಶದ ಮೇಲಿದೆ ಎಂದು. ಹುಡುಗ ಕಾಲಿನಲ್ಲಿ ಎಣಿಸುತ್ತ ದೇಶದ ಚರಿತ್ರೆಯನ್ನು ಕಲಿಯಬೇಕು! ಹೆಜ್ಜೆಗಳನ್ನು ಮಾತ್ರ ಬಲ್ಲವರು ನೋಡಿದರೆ ಟೋಕಿಯೊ ನಗರದ ನೆನಪು ಬಾರದಿರದು. ಇದನ್ನು ಕಳ್ಳತನವೆಂದು ಹಳಿಯುವವರಿದ್ದಾರೆ, ನನಗೆ ಹಾಗೆನಿಸುವುದಿಲ್ಲ. ಆಳಿದವರ ಶಾಲೆಯನ್ನು ಇಟ್ಟುಕೊಂಡು ಅದರ ಪಾಠವನ್ನು ಬದಲಿಸಿದ ದೇಶ ಕೊರಿಯ ಒಂದೇ ಅಲ್ಲ. ಮುಂದೆ ಕಾಲಿನ ಕೆಲಸ ಎಷ್ಟು ಬೆಳೆಯಿತೆಂದರೆ, ಮೂಲ ಗುರುಗಳು ನೋಡಿದ್ದರೆ ತಮ್ಮ ವಿದ್ಯೆಯೆಂದು ಗುರುತಿಸುತ್ತಿರಲಿಲ್ಲ.

ಉಳಿದದ್ದನ್ನು ಬೇಗ ಹೇಳಿಬಿಡಬಹುದು. 1961ರ ಸೈನಿಕ ಕ್ರಾಂತಿಯಾದ ಮೇಲೆ ಸರ್ಕಾರ ಮನೆಮನೆಯ ಜಗಳಗಳನ್ನು ನಿಲ್ಲಿಸಿ ಒಂದೇ ಸಂಘ ಮಾಡಿಸಿತು. 1972ರಲ್ಲಿ ಸೋಲ್ ನಗರದಲ್ಲಿ ‘ಕುಕ್ಕಿವೊನ್’ ಎಂಬ ಕೇಂದ್ರ ಮಂದಿರ ತೆರೆಯಿತು. ಶ್ರೇಣಿಯ ಪತ್ರಗಳೆಲ್ಲ ಅಲ್ಲಿಂದಲೇ. ಅದೇ ವರ್ಷ ಚೊಯ್ ಸರ್ಕಾರದೊಡನೆ ಮುನಿದು ಕೆನಡಕ್ಕೆ ಹೋದರು, ಮುಂದೆ ತಮ್ಮ ಪದ್ಧತಿಯನ್ನು ಉತ್ತರ ಕೊರಿಯಕ್ಕೂ ಕೊಟ್ಟರು. ಹೀಗೆ ದೇಶದಂತೆ ವಿದ್ಯೆಯೂ ಎರಡಾಯಿತು. 1988ರ ಸೋಲ್ ಒಲಿಂಪಿಕ್ಸಿನಲ್ಲಿ ಪ್ರದರ್ಶನ, 2000ದ ಸಿಡ್ನಿಯಲ್ಲಿ ಪದಕ. ಕುಕ್ಕಿವೊನ್ ಕ್ರಮದಲ್ಲಿ ಮೊದಲ ದಾನ್ ಆದವರು ಎರಡನೆಯದಕ್ಕೆ ಒಂದು ವರ್ಷ, ಮೂರನೆಯದಕ್ಕೆ ಮತ್ತೆರಡು ವರ್ಷ, ನಾಲ್ಕನೆಯದಕ್ಕೆ ಮತ್ತೆ ಮೂರು ವರ್ಷ ಕಾಯಬೇಕು. ಹದಿನೈದು ತುಂಬದ ಮಕ್ಕಳಿಗೆ ದಾನ್ ಇಲ್ಲ, ‘ಪುಮ್’ ಉಂಟು. ಅವರ ಪಟ್ಟಿ ಅರ್ಧ ಕೆಂಪು, ಅರ್ಧ ಕಪ್ಪು. ಇಂದು ಕೊರಿಯದ ಬಡಾವಣೆಗಳ ತಾಲೀಮುಮನೆಗಳಲ್ಲಿ ತುಂಬಿರುವವರು ಈ ಮಕ್ಕಳೇ. ಶಾಲೆ ಬಿಟ್ಟೊಡನೆ ಹಳದಿ ಬಣ್ಣದ ವಾಹನ ಬಂದು ಕರೆದೊಯ್ಯುತ್ತದೆ. ತಾಯಿತಂದೆಯರು ಕೆಲಸದಿಂದ ಬರುವವರೆಗೆ ಸಬೊಮ್ ಅವರನ್ನು ನೋಡಿಕೊಳ್ಳುತ್ತಾರೆ, ಒದೆತದ ಜೊತೆಗೆ ಹಿರಿಯರಿಗೆ ವಂದಿಸುವುದನ್ನೂ ಕಲಿಸುತ್ತಾರೆ.

ಬೀದಿಯ ಆ ತೆಕ್ಕ್ಯನ್ ಏನಾಯಿತು? 1893ರಲ್ಲಿ ಸೋಲ್ ನಗರದಲ್ಲಿ ಹುಟ್ಟಿದ ಸೊಂಗ್ ದೊಕ್ ಗಿ ಹುಡುಗನಾಗಿದ್ದಾಗ ಇನ್ವಾಂಗ್ ಬೆಟ್ಟದ ತಪ್ಪಲಿನ ಕೇರಿಯಲ್ಲಿ ಇಮ್ ಹೊ ಎಂಬವರಿಂದ ಅದನ್ನು ಕಲಿತಿದ್ದರು. ಮುಂದೆ ಹಲವು ವರ್ಷ ಬಿಲ್ಲುವಿದ್ಯೆಯ ಅಭ್ಯಾಸದಲ್ಲಿದ್ದರು. ತೆಕ್ಕ್ಯನ್ ಕೇಳುವವರೇ ಇರಲಿಲ್ಲ. ಟೇಕ್ವಾಂಡೊ ಜಗತ್ತನ್ನು ಸುತ್ತುತ್ತಿದ್ದ ಕಾಲದಲ್ಲಿ ಅದರ ಹೆಸರಿಗೆ ಪ್ರೇರಣೆಯಾದ ಆಟವನ್ನು ಬಲ್ಲವರು ಈ ಮುದುಕರೊಬ್ಬರೇ ಎಂಬಂತಾಯಿತು. ಅವರ ಬಳಿಗೆ ಬಂದ ಶಿನ್ ಹಾನ್ ಸುಂಗ್ ಎಂಬವರು ಅವರ ಮೈಯಲ್ಲಿದ್ದುದನ್ನು ಬಿಡಿಸಿ, ಹೆಸರಿಟ್ಟು, ಪಾಠಗಳಾಗಿ ಜೋಡಿಸಿದರು. 1983ರಲ್ಲಿ ಸರ್ಕಾರ ತೆಕ್ಕ್ಯನ್ನನ್ನು ರಾಷ್ಟ್ರದ ಸಾಂಸ್ಕೃತಿಕ ಸಂಪತ್ತೆಂದು ಸಾರಿ ಇಬ್ಬರನ್ನೂ ಅದರ ಧಾರಕರೆಂದು ಮನ್ನಿಸಿತು. 1987ರಲ್ಲಿ ಗುರುಶಿಷ್ಯರಿಬ್ಬರೂ ತೀರಿಕೊಂಡರು. 2011ರಲ್ಲಿ ಯುನೆಸ್ಕೊ ತನ್ನ ಪಟ್ಟಿಗೆ ಸೇರಿಸಿತು.

ಶಿನ್ ಅವರು ಕಲಿಸುತ್ತಿದ್ದ ಚುಂಗ್‌ಜು ಊರಿನಲ್ಲಿ ಈಗ ತೆಕ್ಕ್ಯನ್ನಿಗೆಂದೇ ಒಂದು ಮಂದಿರವಿದೆ. ಶ್ರೇಣಿಗಳಿವೆ, ಪರೀಕ್ಷೆಗಳಿವೆ. ಉಡುಪು ಮಾತ್ರ ಕೊರಿಯದ ಹಳೆಯ ಸಡಿಲ ಅಂಗಿ, ಸಡಿಲ ಷರಾಯಿ. ಕೂಗು ‘ಇಕ್, ಎಕ್’. ಹೊಸಬರಿಗೆ ಮೊದಲು ಹೇಳಿಕೊಡುವುದು ಒದೆಯುವುದನ್ನಲ್ಲ. ನೆಲದ ಮೇಲೆ ಮೂರು ಮೂಲೆಗಳನ್ನು ಊಹಿಸಿಕೊಂಡು, ಮೊಣಕಾಲನ್ನು ಮೆಲ್ಲಗೆ ಬಗ್ಗಿಸಿ, ತೂಗುತ್ತ ತೂಗುತ್ತ ಹೆಜ್ಜೆ ಬದಲಿಸುವುದನ್ನು, ಸಾಲಾಗಿ ನಿಲ್ಲಿಸಿ.