ಒಂದು ಅಂಕದ ಪ್ರಶ್ನೆಯೂ ಉಪ್ಪಿನಲ್ಲಿಟ್ಟ ಮೊಗ್ಗೂ

'ಮೆಡಿಟರೇನಿಯನ್ನಿನ ದೀಪಸ್ತಂಭವೆಂದು ಯಾವುದನ್ನು ಕರೆಯುತ್ತಾರೆ?' ಒಂದು ಅಂಕದ ಈ ಪ್ರಶ್ನೆಯನ್ನು ನನ್ನ ಅಧ್ಯಾಪನದ ಮೂವತ್ತನಾಲ್ಕು ವರ್ಷಗಳಲ್ಲಿ ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ನನ್ನ ವಿದ್ಯಾರ್ಥಿಗಳಾಗಿದ್ದ ನೀವು ನಿದ್ದೆಯಿಂದ ಎಬ್ಬಿಸಿದರೂ 'ಸ್ಟ್ರಾಂಬೋಲಿ' ಎನ್ನುತ್ತಿದ್ದಿರಿ. ಅಲ್ಲಿಗೆ ಪಾಠ ಮುಗಿಯುತ್ತಿತ್ತು. ಆ ದ್ವೀಪದಲ್ಲಿ ಜನರಿದ್ದಾರೆಯೇ, ಅವರು ಏನನ್ನು ಉಂಡು ಬದುಕುತ್ತಾರೆ ಎಂದು ನೀವು ಕೇಳಲಿಲ್ಲ, ನಾನು ಹೇಳಲಿಲ್ಲ. ನಿಜ ಹೇಳಬೇಕೆಂದರೆ, ನನಗೂ ಅದು ತಿಳಿದಿರಲಿಲ್ಲ.

ಇಟಲಿಯ ಮಿಲಾನಿನಲ್ಲಿ ಉದ್ಯೋಗದಲ್ಲಿರುವ ನನ್ನ ಮಗ ಕಳೆದ ಜೂನ್ ತಿಂಗಳಲ್ಲಿ ನಮ್ಮಿಬ್ಬರನ್ನೂ ಕರೆಸಿಕೊಂಡಿದ್ದ. "ಅಪ್ಪಾ, ನೀವು ಪಾಠ ಮಾಡಿದ ಊರನ್ನು ತೋರಿಸುತ್ತೇನೆ" ಎಂದು ನಾವಿಕನೊಬ್ಬನೊಡನೆ ಹಾಯಿದೋಣಿಯನ್ನು ಒಂದು ವಾರಕ್ಕೆ ಬಾಡಿಗೆಗೆ ಗೊತ್ತುಮಾಡಿದ. ಮಗ, ಸೊಸೆ, ಒಂಬತ್ತು ವರ್ಷದ ಮೊಮ್ಮಗಳು ಮತ್ತು ನಾವಿಬ್ಬರು ಸಿಸಿಲಿಯ ಮಿಲಾತ್ಸೊ ಬಂದರಿನಿಂದ ಹೊರಟೆವು. ಮೊದಲ ದಿನ ದೋಣಿಯ ಓಲಾಟಕ್ಕೆ ನನ್ನ ಹೊಟ್ಟೆ ತೊಳಸಿತು. ನನ್ನಾಕೆ ಕಟ್ಟಿ ತಂದಿದ್ದ ಒಣಶುಂಠಿಯೇ ಆಗ ಆಸರೆಯಾಯಿತು.

ಸಿಸಿಲಿಯ ಉತ್ತರಕ್ಕಿರುವ ಇಯೋಲಿಯನ್ ದ್ವೀಪಗಳು ಏಳು. ಏಳೂ ಜ್ವಾಲಾಮುಖಿಗಳಿಂದ ಹುಟ್ಟಿದವು. ಗ್ರೀಕರ ಕಥೆಗಳಲ್ಲಿ ಗಾಳಿಗಳ ಒಡೆಯನಾದ ಇಯೋಲಸ್ ಇಲ್ಲಿ ವಾಸಿಸುತ್ತಿದ್ದನಂತೆ. ಮೊದಲು ಎದುರಾಗುವುದು ವುಲ್ಕಾನೊ. ನಾವು ಪಾಠದಲ್ಲಿ ಬಳಸುತ್ತಿದ್ದ 'ವಾಲ್ಕೆನೊ' ಎಂಬ ಪದ ಈ ದ್ವೀಪದ ಹೆಸರಿನಿಂದಲೇ ಬಂದಿತು. ಮುಂದಿನದು ಲಿಪಾರಿ. ಕಬ್ಬಿಣ, ತಾಮ್ರಗಳನ್ನು ಮನುಷ್ಯ ಅರಿಯುವ ಮೊದಲೇ ಇಲ್ಲಿಯ ಕಪ್ಪು ಜ್ವಾಲಾಮುಖಿ ಗಾಜು ಚೂರಿಯ ಅಲಗಾಗಿ ಸಮುದ್ರ ದಾಟಿ ದೂರದ ನಾಡುಗಳನ್ನು ತಲುಪಿತ್ತು. 1544ರಲ್ಲಿ ಆಟೊಮನ್ ನೌಕಾಪತಿ ಬಾರ್ಬರೋಸಾ ಈ ಪಟ್ಟಣವನ್ನು ಮುತ್ತಿ, ಬಹುಪಾಲು ನಿವಾಸಿಗಳನ್ನು ಸೆರೆಹಿಡಿದು ಗುಲಾಮರನ್ನಾಗಿ ಒಯ್ದನು. ಆ ಬಳಿಕ ಹೊರಗಿನವರನ್ನು ಕರೆತಂದು ಊರನ್ನು ಮತ್ತೆ ತುಂಬಬೇಕಾಯಿತು.

ಆದರೆ ನಾನು ಹೇಳಹೊರಟಿರುವುದು ಮೂರನೆಯ ದಿನ ಸೇರಿದ ಸಲೀನಾ ದ್ವೀಪದ ಕಥೆಯನ್ನು. ಎರಡು ಶಿಖರಗಳು ಜೊತೆಯಾಗಿ ನಿಂತ ಈ ದ್ವೀಪವನ್ನು ಪ್ರಾಚೀನ ಗ್ರೀಕರು 'ಅವಳಿ' ಎಂಬರ್ಥದ ಹೆಸರಿನಿಂದ ಕರೆಯುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿಯ ಇಳಿಜಾರುಗಳ ತುಂಬ ದ್ರಾಕ್ಷಿ ತೋಟಗಳಿದ್ದವು. ಕೊಯ್ದ ದ್ರಾಕ್ಷಿಯನ್ನು ಜೊಂಡಿನ ಚಾಪೆಗಳ ಮೇಲೆ ಬಿಸಿಲಿಗೆ ಬಾಡಿಸಿ ತಯಾರಿಸುವ ಮಾಲ್ವಸೀಯಾ ಎಂಬ ಸಿಹಿಮದ್ಯಕ್ಕೆ ಹೊರನಾಡುಗಳಲ್ಲಿ ಬೇಡಿಕೆಯಿತ್ತು. ದ್ವೀಪದ ಜನ ತಮ್ಮದೇ ಹಡಗುಗಳಲ್ಲಿ ಅದನ್ನು ಸಾಗಿಸುತ್ತಿದ್ದರು.

ಉತ್ತರ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಬಹಳ ಸಣ್ಣ ಕೀಟವು 1860ರ ದಶಕದಲ್ಲಿ ಫ್ರಾನ್ಸಿನಲ್ಲಿ ಕಾಣಿಸಿಕೊಂಡು, ದ್ರಾಕ್ಷಿಯ ಬೇರಿನ ರಸವನ್ನು ಹೀರುತ್ತ ಯೂರೋಪನ್ನೆಲ್ಲ ವ್ಯಾಪಿಸಿತು. 1889ರ ಸುಮಾರಿಗೆ ಈ ದ್ವೀಪಗಳನ್ನೂ ಮುಟ್ಟಿತು. ಬಳ್ಳಿಗಳು ಒಣಗಿದವು. ಅಮೆರಿಕದ ಬೇರಿಗೆ ಸ್ಥಳೀಯ ಬಳ್ಳಿಯನ್ನು ಕಸಿಮಾಡುವ ಪರಿಹಾರವೇನೋ ಇತ್ತು. ಹೊಸ ಬಳ್ಳಿ ಫಲ ಕೊಡುವವರೆಗೆ ವರ್ಷಗಟ್ಟಲೆ ಕಾಯುವ ಶಕ್ತಿ ಸಣ್ಣ ರೈತನಿಗೆ ಇರಲಿಲ್ಲ. ಜನ ಅಮೆರಿಕಕ್ಕೆ ಹೊರಟರು, ಆಸ್ಟ್ರೇಲಿಯಾಕ್ಕೆ ಹೊರಟರು. 1925ರಲ್ಲಿ ಮೆಲ್ಬರ್ನ್ ನಗರದಲ್ಲಿ ಈ ದ್ವೀಪಗಳವರದೇ ಒಂದು ಪರಸ್ಪರ ಸಹಾಯ ಸಂಘ ಸ್ಥಾಪನೆಯಾಯಿತೆಂದರೆ ಹೋದವರ ಸಂಖ್ಯೆಯನ್ನು ನೀವೇ ಊಹಿಸಬಹುದು. ಸಲೀನಾದ ಮಾಲ್ಫಾ ಎಂಬ ಊರಿನಲ್ಲಿ ವಲಸೆಯ ಇತಿಹಾಸಕ್ಕೆಂದೇ ಒಂದು ವಸ್ತುಸಂಗ್ರಹಾಲಯವಿದೆ.

ಉಳಿದವರನ್ನು ಕಾಪಾಡಿದ ಬೆಳೆಗಳಲ್ಲಿ ಮುಖ್ಯವಾದುದು ಕೇಪರ್. ಕಲ್ಲಿನ ಸಂದಿಯಲ್ಲಿಯೂ ನೀರಿಲ್ಲದೆ ಹಬ್ಬುವ ಪೊದೆ. ಅದರ ಅರಳದ ಮೊಗ್ಗನ್ನು ಬೇಸಿಗೆಯುದ್ದಕ್ಕೂ ನಸುಕಿನಲ್ಲಿ ಬಿಡಿಬಿಡಿಯಾಗಿ ಕೈಯಿಂದಲೇ ಬಿಡಿಸಬೇಕು. ಬಿಸಿಲೇರಿ ಹೂವರಳಿದರೆ ಮೊಗ್ಗು ಕೈತಪ್ಪಿದಂತೆಯೇ. ಬಿಡಿಸಿದ್ದನ್ನು ಸಮುದ್ರದ ಹರಳುಪ್ಪಿನಲ್ಲಿ ಪದರಪದರವಾಗಿ ಹಾಕಿ, ಆಗಾಗ ಮಗುಚುತ್ತ ವಾರಗಟ್ಟಲೆ ಇಡುತ್ತಾರೆ. 2020ರಲ್ಲಿ ಐರೋಪ್ಯ ಒಕ್ಕೂಟವು ಈ ದ್ವೀಪಗಳ ಕೇಪರಿಗೆ ಮೂಲಸ್ಥಾನದ ಮಾನ್ಯತೆಯನ್ನೂ ನೀಡಿತು.

ಆ ಮಧ್ಯಾಹ್ನ ನಾವು ಉಂಡದ್ದು 'ಪಾನೆ ಕುಂಜಾತೊ'. ಗರಿಗರಿಯಾಗಿ ಸುಟ್ಟ ದುಂಡನೆಯ ಬ್ರೆಡ್ಡಿನ ಮೇಲೆ ಟೊಮೆಟೊ, ಆಲಿವ್ ಎಣ್ಣೆ, ಒರೆಗಾನೊ ಎಲೆ, ಗಿಣ್ಣು ಮತ್ತು ಕೈತುಂಬ ಕೇಪರ್. ನಮಗಾಗಿ ಮೀನನ್ನು ಬಿಟ್ಟು ಮಾಡಿಕೊಟ್ಟರು. ಜೊತೆಗೆ ಬೇಯಿಸಿದ ಆಲೂಗಡ್ಡೆ, ಈರುಳ್ಳಿ, ಕೇಪರ್ ಬೆರೆಸಿದ ಕೋಸಂಬರಿಯಂಥ ತಿನಿಸು. ಕೊನೆಗೆ ಬಾದಾಮಿಯ ಗ್ರಾನೀತಾ, ಅಂದರೆ ಹರಳುಹರಳಾದ ಮಂಜಿನ ಸಿಹಿ. ಮೊಮ್ಮಗಳು ಎರಡು ಲೋಟ ಮುಗಿಸಿದಳು. ಮೊದಲ ಮೊಗ್ಗನ್ನು ಬಾಯಿಗಿಟ್ಟ ನನ್ನಾಕೆ, "ಇದು ನಮ್ಮ ಮಾವಿನ ಮಿಡಿಯ ತಂಗಿ, ನೋಡಿ" ಎಂದಳು. ಉಪ್ಪು, ಹುಳಿ, ಸ್ವಲ್ಪ ಒಗರು. ಆಕೆಯ ಮಾತು ಸರಿಯೆನಿಸಿತು.

ಕೇಪರ್ ಮಾರುತ್ತಿದ್ದ ವೃದ್ಧೆಯೊಬ್ಬರೊಡನೆ ಮಗನ ದುಭಾಷಿತನದಲ್ಲಿ ಮಾತನಾಡಿದೆವು. ಅವರ ಸೋದರಮಾವಂದಿರು ಮೆಲ್ಬರ್ನಿಗೆ ಹೋದವರು ಮರಳಲಿಲ್ಲವಂತೆ. ಪ್ರತಿ ವರ್ಷ ಅವರ ತಾಯಿ ಉಪ್ಪಿನಲ್ಲಿಟ್ಟ ಕೇಪರನ್ನು ಬಟ್ಟೆಯಲ್ಲಿ ಹೊಲಿದು ಹಡಗಿನವರ ಕೈಯಲ್ಲಿ ಕಳುಹಿಸುತ್ತಿದ್ದರಂತೆ. "ನಿಮ್ಮ ಊರಿನ ಮನೆಯಲ್ಲಿ ಈಗ ಯಾರಿದ್ದಾರೆ?" ಎಂದು ಅವರು ನನ್ನಾಕೆಯನ್ನು ಕೇಳಿದರು. ಮಗ ಅದನ್ನು ಕನ್ನಡಕ್ಕೆ ಹೇಳಿ ಸುಮ್ಮನಾದ. ಮಲೆನಾಡಿನ ನಮ್ಮ ಮನೆಗೆ ಬೀಗ ಹಾಕಿ, ಕೀಲಿಯನ್ನು ಪಕ್ಕದ ಮನೆಯಲ್ಲಿ ಕೊಟ್ಟು ಬಂದಿದ್ದೆವು. ನಮ್ಮ ಚೀಲದಲ್ಲಿದ್ದ ಉಪ್ಪಿನಕಾಯಿ ಭರಣಿಯೂ ಮಗನಿಗೆಂದೇ ಬಟ್ಟೆಯಲ್ಲಿ ಕಟ್ಟಿ ತಂದದ್ದು. ನನ್ನಾಕೆ ಅದರಿಂದ ನಾಲ್ಕು ಮಿಡಿ ತೆಗೆದು ಆ ಅಜ್ಜಿಗೆ ಕೊಟ್ಟಳು. ಅವರು ಒಂದು ಪೊಟ್ಟಣ ಕೇಪರ್ ಕೊಟ್ಟರು, ಹಣ ಮುಟ್ಟಲಿಲ್ಲ.

ಕೊನೆಯ ರಾತ್ರಿ ಸ್ಟ್ರಾಂಬೋಲಿಯ ಎದುರು, ದಡದಿಂದ ದೂರದಲ್ಲಿ ದೋಣಿ ನಿಂತಿತು. 924 ಮೀಟರ್ ಎತ್ತರದ ಕಪ್ಪು ಬೆಟ್ಟ. ಸ್ವಲ್ಪ ಹೊತ್ತಿಗೊಮ್ಮೆ ತುದಿಯಲ್ಲಿ ಕೆಂಪು ಕಿಡಿಗಳೆದ್ದು ಆರುತ್ತಿದ್ದವು. "ಅಜ್ಜಾ, ಇದೇ ಏನು ನಿನ್ನ ದೀಪಸ್ತಂಭ?" ಎಂದಳು ಮೊಮ್ಮಗಳು. ಹೌದೆಂದೆ. ಬೆಟ್ಟದ ಬುಡದಲ್ಲಿ ಊರಿನ ಸಣ್ಣ ದೀಪಗಳೂ ಕಾಣುತ್ತಿದ್ದವು. 1930ರ ಸ್ಫೋಟದಲ್ಲಿ ಸಾವುಗಳಾದ ಮೇಲೆ ಅಲ್ಲಿಂದಲೂ ಅನೇಕರು ದೇಶಾಂತರ ಹೋದರು. ಈಗ ಉಳಿದವರು ಕೆಲವೇ ನೂರು ಮಂದಿ.

ಪ್ರಿಯ ಶಿಷ್ಯರೇ, ಆ ಪಾಠವನ್ನು ನಾನು ಅರ್ಧಕ್ಕೇ ನಿಲ್ಲಿಸಿದ್ದೆ. ಉಳಿದರ್ಧವನ್ನು ಇಂದು ಬರೆದಿದ್ದೇನೆ. ನಿಮ್ಮಲ್ಲಿ ಬಹಳ ಮಂದಿ ಮೆಲ್ಬರ್ನಿನಲ್ಲಿಯೋ ನ್ಯೂಜೆರ್ಸಿಯಲ್ಲಿಯೋ ಕುಳಿತು ಇದನ್ನು ಓದುತ್ತಿರುವಿರಿ. ನಿಮ್ಮ ತಾಯಂದಿರು ಕಳುಹಿಸಿದ ಭರಣಿ ನಿಮ್ಮ ಅಡುಗೆಮನೆಯಲ್ಲಿಯೂ ಇದ್ದೀತು. ಅದು ಖಾಲಿಯಾಗುವ ಮುನ್ನ ಒಮ್ಮೆ ಊರಿಗೆ ಬನ್ನಿ.